ಗಾಜಿನ ಬೀರುವಿನ ಪರದೇಶಿಗಳು

ಅಂಚೆಚೀಟಿಗಳನ್ನು ಕೂಡಿಹಾಕುವ ಮನುಷ್ಯನನ್ನು ಲೋಕವು ರಸಿಕನೆಂದು ಕರೆಯುತ್ತದೆ. ಹಳೆಯ ನಾಣ್ಯಗಳನ್ನು ಶೇಖರಿಸುವವನನ್ನು ವಿದ್ವಾಂಸನೆಂದು ಸಭೆಗೆ ಬರಮಾಡಿಕೊಂಡು ಶಾಲು ಹೊದಿಸುತ್ತದೆ. ಭೂಮಿಯನ್ನು ಕೂಡಿಹಾಕುವವನನ್ನಂತೂ ಕೈಮುಗಿದು ಮೊದಲನೆಯ ಸಾಲಿನಲ್ಲಿಯೇ ಕೂರಿಸುತ್ತದೆ. ಆದರೆ ಮೀಸೆ ನರೆತ, ಆಯುಷ್ಯದ ಬಹುಭಾಗವನ್ನು ಮಕ್ಕಳಿಗೆ ಬೀಜಗಣಿತ ಬೋಧಿಸುವುದರಲ್ಲಿ ಕಳೆದು ನಿವೃತ್ತನಾದ ಗಂಡಸೊಬ್ಬನು ಗೊಂಬೆಗಳನ್ನು ಕೂಡಿಹಾಕುತ್ತಾನೆಂದು ತಿಳಿದೊಡನೆ ಅದೇ ಲೋಕವು ಒಂದು ಕ್ಷಣ ಸುಮ್ಮನಾಗಿ, ಅವನ ಮುಖವನ್ನೊಮ್ಮೆ, ಅವನ ಹೆಂಡತಿಯ ಮುಖವನ್ನೊಮ್ಮೆ ನೋಡಿ, ಬಳಿಕ ಮಳೆಯ ವಿಷಯವನ್ನೆತ್ತುತ್ತದೆ. ಆ ಕ್ಷಣಮಾತ್ರದ ಮೌನವನ್ನು ನಾನು ಎಷ್ಟೋ ವರ್ಷಗಳಿಂದ ಸಹಿಸಿಕೊಂಡು ಬಂದಿದ್ದೇನೆ. ಅನುಕಂಪವನ್ನು ಬಾಯಿಬಿಟ್ಟು ಆಡಿದರೆ ಉತ್ತರ ಕೊಡಬಹುದು. ಮೌನಕ್ಕೆ ಚಹಾ ಕೊಡುವುದಲ್ಲದೆ ಬೇರೇನು ತಾನೆ ಮಾಡಲಾದೀತು?

ಈ ವ್ಯಸನವು ನಾನಾಗಿ ಬೆಳೆಸಿಕೊಂಡದ್ದಲ್ಲ. ಗೋಕಾಕ ಫಾಲ್ಸಿನ ನಮ್ಮ ಓಣಿಯಲ್ಲಿ ಬೆಳೆದ, ಗಿರಣಿಯ ನೂಲು ಖಾತೆಯಲ್ಲಿ ದುಡಿಯುತ್ತಿದ್ದವರೊಬ್ಬರ ಮಗ, ನನ್ನಲ್ಲಿ ಲೆಕ್ಕ ಕಲಿತು, ನನ್ನಿಂದಾಗಿಯೋ ನಾನಿದ್ದರೂ ಸಹ ಎಂಬಂತೆಯೋ ಮುಂದೆ ಬಂದು, ಯಂತ್ರಗಳ ತರಬೇತಿಗೆಂದು ಜಪಾನಿಗೆ ಹೋದನು. ಹೋಗುವಾಗ ಕಾಲು ಮುಟ್ಟಿ ನಮಸ್ಕರಿಸಿದವನ ಕೈಗೆ ನಮ್ಮಾಕೆ ಒಂದು ಡಬ್ಬಿ ಕರದಂಟು ಕೊಟ್ಟಿದ್ದಳು. ಮರಳಿ ಬಂದಾಗ ಅವನು ಆ ಡಬ್ಬಿಯ ಋಣವನ್ನು ತೀರಿಸುವವನಂತೆ ಗೇಣುದ್ದದ ಒಂದು ಮರದ ಗೊಂಬೆಯನ್ನು ತಂದುಕೊಟ್ಟನು. ಕೈಯಿಲ್ಲ, ಕಾಲಿಲ್ಲ, ಚರಕಿಯಲ್ಲಿ ಕಡೆದ ದುಂಡು ತಲೆ, ನೀಳವಾದ ಮೈ, ಮೈಮೇಲೆ ಕೆಂಪು ಸೇವಂತಿಗೆ. ಕಣ್ಣೆಂದರೆ ಕುಂಚದ ಒಂದೇ ಎಳೆತ. ಮೂಗೆಂದರೆ ಅದಕ್ಕಿಂತಲೂ ಚಿಕ್ಕದು. ಇದನ್ನು ಕೊಕೇಶಿ ಎನ್ನುತ್ತಾರೆಂದೂ, ಜಪಾನಿನ ಈಶಾನ್ಯದ ತೊಹೊಕು ಪ್ರಾಂತದ ಬಿಸಿನೀರ ಬುಗ್ಗೆಗಳ ಊರುಗಳಲ್ಲಿ ಇದನ್ನು ಮಾಡುತ್ತಾರೆಂದೂ, ಸ್ನಾನಕ್ಕೆ ಬಂದ ಯಾತ್ರಿಕರು ಮನೆಯ ಮಕ್ಕಳಿಗೆಂದು ಕೊಂಡೊಯ್ಯುತ್ತಿದ್ದರೆಂದೂ ಅವನು ವಿವರಿಸಿದನು. ನಾನು ಗಂಭೀರವಾಗಿ ತಲೆದೂಗುತ್ತಿರುವಾಗ ಪಕ್ಕದ ಮನೆಯ ಹುಡುಗಿ ಗೊಂಬೆಯ ತಲೆಯನ್ನು ಹಿಡಿದು ತಿರುವಿದಳು. ಅದು 'ಕಿಂಯ್' ಎಂದಿತು. ನರುಕೊ ಎಂಬ ಊರಿನ ಕೊಕೇಶಿಯ ಲಕ್ಷಣವೇ ಅದಂತೆ. ತಲೆ ತಿರುವಿದರೆ ದನಿ ಮಾಡುತ್ತದೆ. ಶಿಷ್ಯನ ವಿವರಣೆಯಿಂದ ನನಗಾಗದ ಜ್ಞಾನೋದಯವು ಆ ದನಿಯಿಂದ ಆಯಿತು. ಅಂದಿನಿಂದ ನಾನು ಹಾಳಾದೆನು.

ಆಮೇಲೆ ನಮ್ಮ ಮನೆಯಲ್ಲಿ ಒಂದು ವಿಚಿತ್ರವಾದ ವಿದೇಶೀ ವಿನಿಮಯವು ಆರಂಭವಾಯಿತು. ಬಂಧುಗಳಾಗಲಿ, ಹಳೆಯ ವಿದ್ಯಾರ್ಥಿಗಳಾಗಲಿ ಸಮುದ್ರ ದಾಟುವರೆಂದು ಕಿವಿಗೆ ಬಿದ್ದರೆ ಸಾಕು, ಅಂಟು, ಕೊಬ್ಬರಿ, ಗೋಡಂಬಿ, ಬೆಲ್ಲಗಳು ಬೆರೆತ ಕರದಂಟಿನ ಡಬ್ಬಿಯೊಂದು ಅವರ ಪೆಟ್ಟಿಗೆಯನ್ನು ಸೇರುತ್ತಿತ್ತು. ಮರಳುವಾಗ ಅದರ ಸ್ಥಾನದಲ್ಲಿ ಒಂದು ಗೊಂಬೆ ಬರಬೇಕೆಂಬುದು ಅಲಿಖಿತ ಕರಾರು. ಕರಾರಿನ ಪಾಲನೆ ಯಾವಾಗಲೂ ಸಮರ್ಪಕವಾಗಿತ್ತೆಂದು ಹೇಳಲಾರೆ. ಸಿಂಹಳಕ್ಕೆ ಹೋದವನು ಆನೆ ತಂದನು. ಗೊಂಬೆಯಲ್ಲವೇ ಎಂದು ನನ್ನನ್ನೇ ಕೇಳಿದನು. ಬಾಲಿ ದ್ವೀಪಕ್ಕೆ ಹೋದವಳು ಕೋರೆಹಲ್ಲಿನ ಮುಖವಾಡವನ್ನು ತಂದಳು. ಅದನ್ನು ಪಡಸಾಲೆಯಲ್ಲಿ ತೂಗುಹಾಕಿದ ವಾರದಲ್ಲಿ ಹಾಲು ಹಾಕುವವಳು ಹಿತ್ತಲ ಬಾಗಿಲಿಗೆ ಬರತೊಡಗಿದಳು. ಆದರೂ ಗಾಜಿನ ಬೀರು ತುಂಬುತ್ತ ಹೋಯಿತು. ಬ್ರಹ್ಮದೇಶದಿಂದ ಕಾಗದದ ಮುದ್ದೆಯಲ್ಲಿ ಮಾಡಿದ, ಎಷ್ಟು ಸಲ ಕೆಡವಿದರೂ ಎದ್ದು ಕೂರುವ ಗೊಂಬೆ ಬಂದಿತು. ತಂಜಾವೂರಿನಿಂದ ತಲೆಯಾಡಿಸುವ ನರ್ತಕಿ ಬಂದಳು. ಮನೆಯಲ್ಲಿ ನನ್ನ ಮಾತಿಗೆ ತಲೆಯಾಡಿಸುವ ಹೆಂಗಸೆಂದರೆ ಅವಳೊಬ್ಬಳೇ. ಜಾವಾದ ಬಾಂಡುಂಗಿನಿಂದ ಕೋಲುಗೊಂಬೆಯ ಸೆಮಾರನು ಬಂದನು. ಡೊಳ್ಳುಹೊಟ್ಟೆ, ತೂಗುವ ಪೃಷ್ಠ, ಅಳುವನೋ ನಗುವನೋ ಹೇಳಲಾಗದ ಮುಖ. ಅವರ ಮಹಾಭಾರತದಲ್ಲಿ ಇವನು ಪಾಂಡವರ ಸೇವಕನಂತೆ, ವಿದೂಷಕನಂತೆ, ನಿಜದಲ್ಲಿ ದೇವರೂ ಅಂತೆ! ವ್ಯಾಸರಿಗೆ ಗೊತ್ತಿಲ್ಲದ ಈ ಪಾತ್ರವು ಸಮುದ್ರದ ಆಚೆಗೆ ಹೇಗೆ ಹುಟ್ಟಿತೆಂದು ಬೆರಗಾಗುವ ಮೊದಲೇ ನೆನಪಾಯಿತು: ನಮ್ಮ ತೊಗಲುಬೊಂಬೆಯಾಟದಲ್ಲಿ ರಾಮಾಯಣದ ನಡುವೆ ನುಗ್ಗಿ ಬಂದು, ಬಂಗಾರಕ್ಕನೊಡನೆ ಜಗಳವಾಡಿ, ರಾವಣನಿಗೂ ಹೆದರದೆ ಮಾತನಾಡುವ ಕಿಳ್ಳೇಕ್ಯಾತನನ್ನು ವಾಲ್ಮೀಕಿಗಳು ಬರೆದಿದ್ದರೇನು? ಮಹಾಕಾವ್ಯವನ್ನು ರಾತ್ರಿಯಿಡೀ ಕೂತು ನೋಡುವ ಜನ ಎಲ್ಲೆಡೆಯೂ ತಮ್ಮವನೊಬ್ಬನನ್ನು ಅದರೊಳಕ್ಕೆ ಕಳುಹಿಸದೆ ಬಿಡುವುದಿಲ್ಲವೆಂದು ತೋರುತ್ತದೆ.

ಇವೆಲ್ಲವುಗಳ ಪೈಕಿ ನನ್ನನ್ನು ಅತ್ಯಂತ ಪೇಚಿಗೆ ಸಿಲುಕಿಸಿದವನು ದರುಮ. ಕೆಂಪು ಬಣ್ಣದ, ಗುಂಡಗಿನ, ಹುಬ್ಬು ಮೀಸೆಗಳು ಮಾತ್ರವೇ ಢಾಳಾಗಿರುವ ಈ ಜಪಾನೀ ಮಹಾಶಯನಿಗೆ ಅಂಗಡಿಯಲ್ಲಿ ಕಣ್ಣುಗಳಿರುವುದಿಲ್ಲ. ಕೊಂಡವನು ಮನಸ್ಸಿನಲ್ಲಿ ಒಂದು ಸಂಕಲ್ಪ ಮಾಡಿ ಒಂದು ಕಣ್ಣನ್ನು ಬರೆಯಬೇಕು. ಸಂಕಲ್ಪವು ಸಿದ್ಧಿಸಿದ ಮೇಲೆ ಇನ್ನೊಂದನ್ನು. ನನಗೆ ತಂದುಕೊಟ್ಟವನು ಭಕ್ತಿಯಿಂದ ತಾನೇ ಒಂದು ಕಣ್ಣು ಬರೆದು ತಂದಿದ್ದನು. ಏನು ಬೇಡಿಕೊಂಡಿದ್ದನೆಂದು ಕೇಳಿದರೆ ವಿಮಾನದ ಗಡಿಬಿಡಿಯಲ್ಲಿ ಮರೆತೆನೆಂದನು. ಹೀಗೆ ಯಾರದೋ ಮರೆತ ಕೋರಿಕೆಯನ್ನು ಹೊತ್ತ ಒಕ್ಕಣ್ಣನೊಬ್ಬನು ನಮ್ಮ ಮನೆಯಲ್ಲಿ ನೆಲೆಸಿದನು. ಬೀಗರ ಕಡೆಯ ಮುದುಕಿಯೊಬ್ಬರು ಒಮ್ಮೆ ಅವನನ್ನು ದಿಟ್ಟಿಸಿ ನೋಡಿ, "ತಂಗೀ, ಇದನ್ನ ಒಳಗ ಯಾಕ ಇಟ್ಟೀರೆ? ದೃಷ್ಟಿಗೊಂಬಿ ಹೊರಗ ಕಟ್ಟಬೇಕವಾ, ಬಾಗಿಲ ಮ್ಯಾಲ" ಎಂದು ಸಲಹೆಯಿತ್ತರು. ನಾನು ಪಾಂಡಿತ್ಯಕ್ಕೆ ಒದಗಿದ ಆ ಸುಸಂಧಿಯನ್ನು ಬಿಡದೆ, ದರುಮನೆಂದರೆ ಬೇರಾರೂ ಅಲ್ಲ, ಬೋಧಿಧರ್ಮನೇ ಎಂದೂ, ಆತನು ನಮ್ಮ ದಕ್ಷಿಣ ದೇಶದ ರಾಜಕುಮಾರನೆಂದು ಐತಿಹ್ಯವಿದೆಯೆಂದೂ, ಚೀನಕ್ಕೆ ಹೋಗಿ ಒಂಬತ್ತು ವರ್ಷ ಗೋಡೆಗೆ ಮುಖಮಾಡಿ ಧ್ಯಾನಕ್ಕೆ ಕುಳಿತದ್ದರಿಂದ ಕೈಕಾಲುಗಳು ಕಳಚಿಹೋದುವೆಂದು ಕಥೆಯಿದೆಯೆಂದೂ ಸವಿಸ್ತಾರವಾಗಿ ನಿರೂಪಿಸಿದೆನು. ಅವರು ಎಲ್ಲವನ್ನೂ ಕೇಳಿ, "ಅಯ್ಯ ಪಾಪ, ನಮ್ಮವನ ಅಂದ್ರ" ಎಂದು, ಅವನಿಗೆ ಎರಡು ಬೆರಳುಗಳಿಂದ ಲಟಿಕೆ ಮುರಿದು ದೃಷ್ಟಿ ತೆಗೆದರು. ಒಂದೂವರೆ ಸಾವಿರ ವರ್ಷಗಳ ತರುವಾಯ ಊರಿಗೆ ಬಂದ ಮಗನಿಗೆ ಅದಕ್ಕಿಂತ ಮಿಗಿಲಾದ ಸ್ವಾಗತವು ಬೇರೆಲ್ಲಿ ದೊರಕುತ್ತಿತ್ತು?

ದರುಮನ ಎರಡನೆಯ ಕಣ್ಣನ್ನು ಬರೆಯಿಸಿಬಿಡೋಣವೆಂದು ನಾನು ಗೋಕಾಕದ ಚಿತ್ರಗಾರರೊಬ್ಬರಲ್ಲಿಗೆ ಹೋದದ್ದುಂಟು. ಗೋಕಾಕದ ಗೊಂಬೆಯೆಂದರೆ ಬೆಳಗಾವಿ ಸೀಮೆಯಲ್ಲಿ ಹಿಂದಿನಿಂದಲೂ ಹೆಸರಾದದ್ದು. ಅದರಲ್ಲಿಯೂ ಅವರ ಹಣ್ಣು ಕಾಯಿಗಳು. ಮಾವು, ಬಾಳೆ, ಸೀತಾಫಲ, ಬದನೆ, ಮೆಣಸಿನಕಾಯಿ; ಗಣಪತಿಯ ಮುಂದೆ, ಗೌರಿಯ ಮುಂದೆ ಅವುಗಳನ್ನು ಒಪ್ಪವಾಗಿ ಜೋಡಿಸಿಟ್ಟರೆ ನೈವೇದ್ಯ ಯಾವುದು, ಅಲಂಕಾರ ಯಾವುದೆಂದು ಪೂಜಾರಿಗೂ ಗೊಂದಲ. ನಾನು ಹೋದಾಗ ಅವರು ಮಾವಿನಕಾಯಿಯೊಂದನ್ನು ಹಣ್ಣು ಮಾಡುತ್ತಿದ್ದರು. ಬಿಳಿಯ ಬಳಿತದ ಮೇಲೆ ಹಳದಿ ಒಣಗಿತ್ತು. ಒಂದು ಅರಿವೆಯ ಚೂರನ್ನು ಕೆಂಪಿನಲ್ಲಿ ಅದ್ದಿ, ಹಿಂಡಿ, ಹೆಗಲಿನ ಕಡೆಗೆ ಮೆಲ್ಲನೆ ಒತ್ತಿದರು. ಬಿಸಿಲು ತಾಗಿದ ಭಾಗವು ಎಲ್ಲಿ ಮುಗಿದು ನೆರಳಿನ ಭಾಗವು ಎಲ್ಲಿ ಆರಂಭವಾಗುವುದೋ ಹೇಳಲಾಗದಂತೆ ಬಣ್ಣವು ಹರಡಿಕೊಂಡಿತು. ಆಮೇಲೆ ಸಣ್ಣ ಕುಂಚದ ತುದಿಯಿಂದ ತೊಟ್ಟಿನ ಬಳಿ ಕಪ್ಪನೆಯ ಒಂದು ಕಲೆ, ಅದರ ಕೆಳಗೆ ಇನ್ನೊಂದು. ಇಷ್ಟು ಚೆಲುವಾದ ಹಣ್ಣನ್ನು ಕೆಡಿಸಿದಿರಲ್ಲ ಎಂದು ನಾನು ಮಿಡುಕಿದರೆ ಅವರು ತಲೆಯೆತ್ತದೆ ನುಡಿದರು: "ಕಲಿ ಇಲ್ಲದ ಹಣ್ಣ ಖರೆ ಅನಸೂದಿಲ್ರಿ ಮಾಸ್ತರ." ದರುಮನನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಹೊರಳಿಸಿ ನೋಡಿ, ಕಾಗದದ ಕೆಲಸ ಚೊಕ್ಕವಾಗಿದೆಯೆಂದು ಮೆಚ್ಚಿ, "ಏನ ಬೇಡಿಕೊಂಡಿದ್ರಿ?" ಎಂದು ಕೇಳಿದರು. ನಾನೇನೂ ಬೇಡಿಕೊಂಡಿಲ್ಲವೆಂದೆನು. ದ್ಯಾಮವ್ವನ ಜಾತ್ರೆಯ ಮುಂಚೆ ತಾಯಿಗೆ ಹೊಸ ಬಣ್ಣ ಕೊಡುವಾಗ ಕಣ್ಣು ಬರೆಯುವುದು ಎಲ್ಲದರ ಕೊನೆಗೆಂದೂ, ಆ ಕೆಲಸಕ್ಕೆ ನೇಮ ನಿಷ್ಠೆಗಳಿವೆಯೆಂದೂ, ಬರಿದೇ ಕೂತು ಕಣ್ಣು ಬರೆಯುವ ಪದ್ಧತಿ ತಮ್ಮ ಮನೆತನದಲ್ಲಿಲ್ಲವೆಂದೂ ತಿಳಿಸಿ ಗೊಂಬೆಯನ್ನು ಹಿಂದಕ್ಕೆ ಕೊಟ್ಟರು. "ಇರ್ಲಿ ಬಿಡ್ರಿ, ಒಂದ ಕಣ್ಣಾಗ ನೋಡ್ಲಿ." ಕಲೆಬಿದ್ದ ಆ ಮಾವಿನಹಣ್ಣನ್ನು ನಾನು ಕೊಂಡು ತಂದೆನು.

ಅದರ ಪರೀಕ್ಷೆಯು ಮಾರನೆಯ ದಿನವೇ ನಡೆಯಿತು. ಫಾಲ್ಸಿನ ಮಂಗಗಳ ವಿಷಯವನ್ನು ನೋಡಲು ಬಂದವರೆಲ್ಲರೂ ಬಲ್ಲರು. ಘಟಪ್ರಭೆಯು 171 ಅಡಿ ಕೆಳಕ್ಕೆ ಧುಮುಕುವ ಆ ಭವ್ಯ ದೃಶ್ಯವನ್ನು ಕಣ್ತುಂಬ ನೋಡುತ್ತ ತೂಗುಸೇತುವೆಯ ಮೇಲೆ ನಿಂತವನ ಕೈಯೊಳಗಿನ ಮೆಕ್ಕೆತೆನೆಯು ಯಾವಾಗ ಮಾಯವಾಯಿತೆಂಬುದು ಅವನಿಗೇ ತಿಳಿಯುವುದಿಲ್ಲ. ಅಂತಹ ಒಬ್ಬ ವಾನರೋತ್ತಮನು ನಮ್ಮ ಕಿಟಕಿಯೊಳಗಿಂದ ಕೈಚಾಚಿ ಮೇಜಿನ ಮೇಲಿನ ಮಾವನ್ನು ಎತ್ತಿಕೊಂಡು, ಪೇರಲ ಗಿಡವನ್ನೇರಿ, ಮೂಸಿ, ಕಚ್ಚಿ, ದೂರ ಹಿಡಿದು ನೋಡಿ, ಮತ್ತೊಮ್ಮೆ ಕಚ್ಚಿ, ಕೊನೆಗೆ ಅದನ್ನು ನಮ್ಮ ಹೆಂಚಿನ ಮೇಲೆ ಬೀಸಿ ಒಗೆದನು. ಎರಡನೆಯ ಸಲ ಕಚ್ಚಿದ್ದನ್ನು ನಾನು ಚಿತ್ರಗಾರರಿಗೆ ವರದಿ ಮಾಡಿದೆನು. ಅವರು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

ಮೈಸೂರಿನ ಸ್ನೇಹಿತರೊಬ್ಬರು ನಮ್ಮಲ್ಲಿಗೆ ಬಂದಾಗ, ನವರಾತ್ರಿಯಲ್ಲಿ ನೀವು ಬೊಂಬೆ ಕೂರಿಸುವುದಿಲ್ಲವೇ ಎಂದು ಅಚ್ಚರಿಪಟ್ಟರು. ನಮ್ಮ ಕಡೆ ಘಟಸ್ಥಾಪನೆಯುಂಟು, ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನುವುದುಂಟು. ಹಂತಹಂತವಾಗಿ ಮೆಟ್ಟಿಲು ಕಟ್ಟಿ, ರಕ್ತಚಂದನದ ಪಟ್ಟದ ಬೊಂಬೆಗಳನ್ನು ಮೇಲ್ಗಡೆ ಕೂರಿಸಿ, ಕೆಳಗೆ ದರ್ಬಾರು, ಮದುವೆ, ಸಂತೆ, ಕ್ರಿಕೆಟ್ಟುಗಳನ್ನು ಹೂಡುವ ಸಡಗರವು ಹಳೆಯ ಮೈಸೂರಿನದು. ಚೋದ್ಯವೆಂದರೆ, ಅದೇ ಮೆಟ್ಟಿಲು, ಅದೇ ಕೆಂಪು ಹಾಸು, ಮೇಲೆ ಅದೇ ರಾಜ ದಂಪತಿಗಳು, ಕೆಳಗೆ ಅದೇ ಊಳಿಗದ ಹೆಂಗಳೆಯರು, ವಾದ್ಯಗಾರರು ಜಪಾನಿನಲ್ಲಿ ಮಾರ್ಚ್ 3ರ ಹಿನಾ ಹಬ್ಬಕ್ಕೆ ಏರ್ಪಡುತ್ತಾರೆ. ನನ್ನ ಬೀರುವಿನಲ್ಲಿಯೂ ಅಂತಹ ಹಿನಾ ದಂಪತಿಗಳು ಕೆಲಕಾಲ ವಿರಾಜಿಸಿದ್ದರು. ಹಬ್ಬವು ಮುಗಿದ ಮೇಲೆ ಈ ಗೊಂಬೆಗಳನ್ನು ಬೇಗನೆ ಎತ್ತಿಡದಿದ್ದರೆ ಮನೆಯ ಮಗಳ ಮದುವೆ ತಡವಾಗುತ್ತದೆಂದು ಅಲ್ಲಿ ನಂಬುತ್ತಾರೆಂಬ ಸಂಗತಿಯನ್ನು ನಾನು ಸಾಂಸ್ಕೃತಿಕ ಕುತೂಹಲದಿಂದ ಊಟದ ಹೊತ್ತಿನಲ್ಲಿ ಹೇಳಿದೆನಷ್ಟೆ. "ಅಲ್ರೀ, ನಮ್ಮ ಹುಡುಗಿಗೆ ಒಂದೂ ವರ ಕೂಡಿ ಬರವಲ್ತು, ನೀವು ಇವರನ್ನ ವರ್ಷಗಟ್ಟಲೆ ಮೆರಸಾಕ ಹತ್ತೀರಿ?" ಎಂದವಳೇ ನಮ್ಮಾಕೆ ಎಂಜಲು ಕೈಯನ್ನೂ ಸರಿಯಾಗಿ ತೊಳೆಯದೆ ಎದ್ದು, ಚಕ್ರವರ್ತಿಯನ್ನೂ ಚಕ್ರವರ್ತಿನಿಯನ್ನೂ ಹಳೆಯ ಧೋತರದಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು. ಮುಂದೆ ಮಗಳು ತಾನೇ ಹುಬ್ಬಳ್ಳಿಯಲ್ಲಿ ಒಬ್ಬನನ್ನು ಮೆಚ್ಚಿಕೊಂಡು ಬಂದಳು. ಅದರ ಯಶಸ್ಸು ಇಂದಿಗೂ ಅಟ್ಟಕ್ಕೆ ಸಲ್ಲುತ್ತಿದೆ.

ದಿಲ್ಲಿಗೆ ಹೋದವನು ಕೆಂಪುಕೋಟೆಯನ್ನು ಹೊರಗಿನಿಂದಷ್ಟೇ ನೋಡಿ, ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಗೊಂಬೆಗಳ ಸಂಗ್ರಹಾಲಯದಲ್ಲಿ ಇಡೀ ಮಧ್ಯಾಹ್ನವನ್ನು ಕಳೆದೆನೆಂಬುದು ನಮ್ಮ ಬಳಗದಲ್ಲಿ ಇನ್ನೂ ಆಡಿಕೊಳ್ಳುವ ಮಾತು. ಹಂಗೇರಿಯ ರಾಯಭಾರಿಯು ಮಕ್ಕಳ ಚಿತ್ರಸ್ಪರ್ಧೆಗೆಂದು ಕೊಟ್ಟ ಒಂದು ಗೊಂಬೆಯಿಂದ ಅವರಿಗೆ ಈ ಹುಚ್ಚು ಹಿಡಿಯಿತಂತೆ. ಪ್ರಧಾನಿಗಳನ್ನೇ ಗೆರೆಗಳಿಂದ ಕುಟುಕುತ್ತಿದ್ದವರಿಗೂ ಈ ರೋಗವು ಬಂದಿತ್ತೆಂಬುದು ನನಗೆ ದೊಡ್ಡ ಸಮಾಧಾನ. ಸಾವಿರಾರು ಗೊಂಬೆಗಳು, ಗಾಜಿನ ಹಿಂದೆ, ದೇಶದೇಶಗಳ ಉಡುಪಿನಲ್ಲಿ, ಹೊಸ ಅರಿವೆ ತೊಟ್ಟು ಛಾಯಾಚಿತ್ರಕ್ಕೆ ನಿಂತವರ ಬಿಗುವಿನಿಂದ ನಿಂತಿದ್ದವು. ನೋಡುತ್ತ ನೋಡುತ್ತ ನನಗೊಂದು ಸಂಶಯವು ಹುಟ್ಟಿತು: ನಾನು ಹುಟ್ಟಿ ಬೆಳೆದ ಸೀಮೆಯ ಗೊಂಬೆಗಳನ್ನು ಹೀಗೆ ನಿಲ್ಲಿಸುವುದಾದರೆ ಯಾವುದನ್ನು ನಿಲ್ಲಿಸುವುದು?

ಏಕೆಂದರೆ ನಾವು ಗೊಂಬೆಗಳಿಲ್ಲದೆ ಬೆಳೆದವರಲ್ಲ, ವರ್ಷವೆಲ್ಲ ಗೊಂಬೆಗಳೇ. ಜ್ಯೇಷ್ಠದ ಅಮಾವಾಸ್ಯೆಗೆ ಕುಂಬಾರರ ಮನೆಯಿಂದ ಮೊರದಲ್ಲಿ ಜೋಳ ಕೊಟ್ಟು ತರುವ ಮಣ್ಣೆತ್ತುಗಳು. ಅವುಗಳ ಕೋಡಿಗೆ ಬಣ್ಣ ಹಚ್ಚಿ, ಮಣ್ಣಿನದೇ ಗೋದಲಿ ಮಾಡಿ, ಪೂಜಿಸಿ, ಆಮೇಲೆ ಹೊಳೆಗೆ. ಆಷಾಢದ ಮಂಗಳವಾರಗಳಂದು ಓಣಿಯ ಹುಡುಗಿಯರೆಲ್ಲ ಕೂಡಿ ಎರೆಮಣ್ಣಿನಲ್ಲಿ ಮೆತ್ತುವ, ಗುಲಗಂಜಿಯ ಕಣ್ಣಿನ ಗುಳ್ಳವ್ವ. ಮರುದಿನ ಬುತ್ತಿಯ ಗಂಟಿನೊಡನೆ ಅವಳ ಪಯಣವೂ ಹೊಳೆಯ ದಂಡೆಗೆ. ಗೌರಿ ಹುಣ್ಣಿಮೆ ಬಂದಿತೆಂದರೆ ಸಕ್ಕರೆ ಗೊಂಬೆ. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಹಗ್ಗದಿಂದ ಬಿಗಿದು, ಕುದಿಯುವ ಪಾಕವನ್ನು ಹೊಯ್ದು, ಆರಿದ ಮೇಲೆ ಅಚ್ಚನ್ನು ಬಿಚ್ಚಿದರೆ ಒಳಗೆ ಆನೆ, ಒಂಟೆ, ನವಿಲು, ಬಸವಣ್ಣ, ತೇರು. ಬೆಳ್ಳಗಿನವು, ಕೆಂಪಗಿನವು, ಅರಿಸಿಣದವು. ಅಚ್ಚಿನ ಸಂದಿಯಲ್ಲಿ ಉಕ್ಕಿದ ಪಾಕವು ಒಂಟೆಯ ಹೊಟ್ಟೆಯಡಿ ತೆಳ್ಳಗೆ ಗೆರೆಗಟ್ಟಿ ನಿಂತಿರುತ್ತಿತ್ತು; ಅದನ್ನು ಮೊದಲು ಉಗುರಿನಿಂದ ಚಿವುಟಿ ತಿನ್ನುವುದು ನಮ್ಮ ಹಕ್ಕು. ನಿಶ್ಚಿತಾರ್ಥವಾದ ಹುಡುಗಿಗೆ ಅತ್ತೆಯ ಮನೆಯಿಂದ ಸೀರೆಯೊಡನೆ ಇವುಗಳ ಆರತಿ ಬರುತ್ತಿತ್ತು. ದೀಪ ಬೆಳಗಿ ಮನೆಗೆ ಬಂದ ಮೇಲೆ ನಮ್ಮ ಕೈಗೆ. ಆನೆಯನ್ನು ಸೊಂಡಿಲಿನಿಂದ ತಿನ್ನತೊಡಗಬೇಕೋ ಬಾಲದಿಂದಲೋ ಎಂಬ ವಿಷಯದಲ್ಲಿ ಅಣ್ಣತಮ್ಮಂದಿರಲ್ಲಿ ಎರಡು ಪಂಥಗಳಿದ್ದುವು. ಒಂದು ವರ್ಷ ನಾನು ಒಂಟೆಯೊಂದರ ಚೆಲುವಿಗೆ ಮಾರುಹೋಗಿ, ಅದನ್ನು ತಿನ್ನದೆ, ಟ್ರಂಕಿನಲ್ಲಿ ಅಪ್ಪನ ಕೋಟಿನ ಮಡಿಕೆಯೊಳಗೆ ಬಚ್ಚಿಟ್ಟಿದ್ದೆ. ಇರುವೆಗಳು ಆ ಕೋಟನ್ನು ಯಾತ್ರಾಸ್ಥಳವನ್ನಾಗಿ ಮಾಡಿಕೊಂಡದ್ದು ಅಪ್ಪನಿಗೆ ತಿಳಿದದ್ದು ಅದನ್ನು ತೊಟ್ಟ ಮೇಲೆ. ಆಗ ನನ್ನನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಆಯಿ ಹೇಳಿದ್ದಳು: "ಹುಚ್ಚಪ್ಪಾ, ತಿನ್ನೂ ಗೊಂಬಿ ತಿಂದಬಿಡಬೇಕೋ. ಇಟ್ಟರ ಮುಂದಿನ ವರ್ಷ ಗೌರಿ ಯಾಕ ಬರತಾಳ?"

ಆಯಿಯ ಶಾಸ್ತ್ರವು ಆಯಿಯೊಬ್ಬಳದೇ ಅಲ್ಲವೆಂಬುದು ನನಗೆ ಬಹುಕಾಲದ ಮೇಲೆ, ನನ್ನ ಬೀರುವಿನ ನಿವಾಸಿಗಳ ಕುಲಗೋತ್ರಗಳನ್ನು ವಿಚಾರಿಸುತ್ತ ಹೋದಾಗ ತಿಳಿದುಬಂದಿತು. ದರುಮನನ್ನು ವರ್ಷಾಂತ್ಯದಲ್ಲಿ ದೇವಾಲಯಕ್ಕೆ ಮರಳಿ ಒಯ್ದು, ವಂದಿಸಿ, ಸುಟ್ಟು, ಹೊಸಬನನ್ನು ತರುವುದು ಅಲ್ಲಿಯ ರೂಢಿ. ನನ್ನವನು ಅವಧಿ ಮೀರಿ ಎಷ್ಟೋ ವರ್ಷಗಳಿಂದ ಒಂದೇ ಕಣ್ಣಿನಲ್ಲಿ ಎಚ್ಚರವಿದ್ದಾನೆ. ಹಿನಾ ದಂಪತಿಗಳ ಪೂರ್ವಜರು ಕಾಗದದ, ಹುಲ್ಲಿನ ಗೊಂಬೆಗಳು. ಮನೆಮಂದಿಯ ಪೀಡೆಗಳನ್ನೆಲ್ಲ ಅವುಗಳ ಮೇಲೆ ಹೊರಿಸಿ ಹೊಳೆಯಲ್ಲಿ ತೇಲಿಬಿಡುತ್ತಿದ್ದರು, ಕೆಲವು ಊರುಗಳಲ್ಲಿ ಈಗಲೂ ತೇಲಿಬಿಡುತ್ತಾರೆ. ಹಳೆಯದಾದ ಗೊಂಬೆಯನ್ನು ಕಸಕ್ಕೆಸೆಯಲು ಮನಸ್ಸು ಬಾರದವರು ಅದನ್ನು ಗುಡಿಗೆ ತಂದೊಪ್ಪಿಸಿ, ಭಿಕ್ಷುಗಳಿಂದ ಮಂತ್ರ ಹೇಳಿಸಿ, ಇಷ್ಟು ದಿನ ಜೊತೆಗಿದ್ದುದಕ್ಕೆ ಕೃತಜ್ಞತೆ ಸಲ್ಲಿಸಿ ಅಗ್ನಿಗೆ ಕೊಡುತ್ತಾರೆ. ಸುಡುವುದರಲ್ಲಿಯೂ ಎಷ್ಟು ಅಂತರ! 1927ರಲ್ಲಿ ಅಮೆರಿಕದ ಮಕ್ಕಳು ಸ್ನೇಹದ ಗುರುತಾಗಿ ಹನ್ನೆರಡು ಸಾವಿರಕ್ಕೂ ಮಿಕ್ಕ ಗೊಂಬೆಗಳನ್ನು ಜಪಾನಿನ ಶಾಲೆಗಳಿಗೆ ಕಳುಹಿಸಿದ್ದರು. ಜಪಾನು 58 ಗೊಂಬೆಗಳನ್ನು ಮರಳಿ ಕಳುಹಿಸಿತ್ತು. ಯುದ್ಧವು ಬಂದಾಗ ಆ ನೀಲಿಗಣ್ಣಿನ ಗೊಂಬೆಗಳು ಶತ್ರುಗಳಾಗಿ ಬಹುಪಾಲು ನಾಶವಾದುವು. ಅಲ್ಲೊಬ್ಬರು ಇಲ್ಲೊಬ್ಬರು ಉಪಾಧ್ಯಾಯರು ಅವನ್ನು ಬಚ್ಚಿಟ್ಟು ಉಳಿಸಿದರಂತೆ. ಮಾಸ್ತರನಾದ ನನಗೆ ಆ ಅಜ್ಞಾತ ಸಹೋದ್ಯೋಗಿಗಳ ಮೇಲೆ ಬಹಳ ಗೌರವ. ಬಚ್ಚಿಡುವುದೂ ಒಮ್ಮೊಮ್ಮೆ ಧರ್ಮವೇ ಎಂದು ಹೆಂಡತಿಯೊಡನೆ ವಾದಿಸುವಾಗ ಅವರನ್ನೇ ಸಾಕ್ಷಿಗೆ ಕರೆಯುತ್ತೇನೆ.

ಕಳೆದ ಭಾದ್ರಪದದಲ್ಲಿ ನಡೆದದ್ದನ್ನು ಹೇಳದಿದ್ದರೆ ಈ ಪ್ರಸಂಗವು ಏಕಪಕ್ಷೀಯವಾದೀತು. ಗಣಪತಿಯ ಬೆನ್ನಿಗೆ ಅಷ್ಟಮಿಯಂದು ಜೋಕುಮಾರನು ಹುಟ್ಟುತ್ತಾನಷ್ಟೆ. ಅಗಲ ಮುಖ, ಹುರಿಮೀಸೆ, ಬಾಯಿಗೆ ಬೆಣ್ಣೆ. ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕುಳಿತು ಹೆಂಗಸರ ತಲೆಯ ಮೇಲೆ ಮನೆಮನೆ ತಿರುಗುವ ಈ ಮಣ್ಣಿನ ಕುವರನಿಗೆ ಏಳೇ ದಿನಗಳ ಆಯುಷ್ಯ. ಹುಣ್ಣಿಮೆಯ ರಾತ್ರಿ ಅವನ ಕಥೆ ಮುಗಿಯುತ್ತದೆ. ಗಣಪತಿಯು ಕಡುಬು ತಿಂದು ಹೋಗಿ ಭೂಲೋಕವು ಸುಖವಾಗಿದೆಯೆಂದು ತಂದೆಗೆ ಹೇಳುತ್ತಾನೆ. ಬಾಡಿದ ಬೆಳೆ, ಬತ್ತಿದ ಬಾವಿಗಳ ನಿಜವನ್ನು ಶಿವನಿಗೆ ಮುಟ್ಟಿಸಿ ಮಳೆ ತರಿಸುವವನು ಜೋಕುಮಾರನೇ ಎಂಬುದು ನಮ್ಮ ಜನರ ನಂಬಿಕೆ. ಬುಟ್ಟಿಯನ್ನು ನಮ್ಮ ಕಟ್ಟೆಯ ಮೇಲಿಳಿಸಿ, ಹಾಡು ಮುಗಿಸಿ, ನಮ್ಮಾಕೆ ಜೋಳ ತರಲೆಂದು ಒಳಗೆ ಹೋದಾಗ, ಬಂದವರಲ್ಲಿ ಹಿರಿಯಳು ತೆರೆದ ಬಾಗಿಲಿನಿಂದ ಬೀರುವನ್ನು ಬಹಳ ಹೊತ್ತು ನೋಡಿದಳು.

"ಇವೆಲ್ಲಾ ಯಾ ದೇವರ್ರೀ?"

ಕೆಲವು ದೇವರು, ಕೆಲವು ಮನುಷ್ಯರು, ಬೇರೆಬೇರೆ ದೇಶದವರು ಎಂದೆನು.

"ಯಾವಾಗ ಕಳಸತೀರಿ?"

ಕಳುಹಿಸುವುದಿಲ್ಲ, ಇಲ್ಲಿಯೇ ಇರುತ್ತಾರೆ ಎಂದೆನು. ಅವಳು ಕಣ್ಣರಳಿಸಿ ತನ್ನ ಜೊತೆಗಾತಿಯ ಕಡೆ ತಿರುಗಿದಳು. "ಕೇಳಿದೇನ ಯವ್ವಾ? ಇಷ್ಟ ಮಂದೀನ ಒಳಗ ಹಾಕಿ ಕೀಲಿ ಜಡದಾರ. ಹೋಗಿ ಹೇಳವ್ರ ಯಾರು, ಮಳಿ ಬರೂದರ ಹೆಂಗ?"

ನಾನು ಗಡಿಬಿಡಿಯಿಂದ, ಜಪಾನು ದೇಶದಲ್ಲಿಯೂ ಗೊಂಬೆಗಳನ್ನು ಹೊಳೆಗೆ ಬಿಡುತ್ತಾರೆಂದೂ, ಅಲ್ಲಿಯೂ ಹೆಂಗಸರೂ ಮಕ್ಕಳೂ ದಂಡೆಗೆ ಬರುತ್ತಾರೆಂದೂ ವಿವರಿಸತೊಡಗಿದೆನು. ಅವಳು ಪೂರ್ತಿಯಾಗಿ ಕೇಳಿ, "ಶಾಣ್ಯಾರ ಬಿಡ್ರಿ ಅವರು" ಎಂದು ಮೆಚ್ಚಿದಳು, ಮೊರದಲ್ಲಿ ಬಂದ ಜೋಳವನ್ನು ಚೀಲಕ್ಕೆ ಸುರುವಿಕೊಂಡು, ನಮ್ಮಾಕೆಯ ಕೈಗೆ ನಾಲ್ಕು ಎಸಳು ಬೇವನ್ನಿಟ್ಟು, ಸಿಂಬೆಯನ್ನು ನೆತ್ತಿಯ ಮೇಲೆ ಸರಿಪಡಿಸಿಕೊಳ್ಳುತ್ತ ನನ್ನನ್ನು ಕರೆದಳು: "ಬುಟ್ಟಿ ಎತ್ತಾಕ ಒಂದೀಟ ಕೈ ಹಚ್ರಿ ಮಾಸ್ತರ, ಇನ್ನ ಕೊಣ್ಣೂರ ಮುಗಸಬೇಕು."